ಜೂನ್‌ನಲ್ಲಿ ಹುಡುಕಿದರೆ ಸಿಗದ ಮಕ್ಕಳು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ಕೊನೆಗೆ ಸರ್ಕಾರಿ ಶಾಲೆಗಳ ಬಾಗಿಲಿಗೆ ತೋರಣ ಕಟ್ಟಿ, ಸಿಹಿ ಹಂಚಿ ಪ್ರಾರಂಭೋತ್ಸವ ಮಾಡುತ್ತಾರೆ. ದಾಖಲಾತಿ ಆಂದೋಲನದ ಜಾಥಾ ಬೀದಿ ಸುತ್ತುತ್ತದೆ. ಜೂನ್ ಮುಗಿಯುವ ಹೊತ್ತಿಗೆ ಆಂದೋಲನವೂ ಮುಗಿದಿರುತ್ತದೆ. ಆದರೆ ಬೆಂಗಳೂರಿನಲ್ಲಿ ಸ್ವಂತ ಸೂರಿಲ್ಲದೆ ಬೆಳೆಯುವ ಮಕ್ಕಳಲ್ಲಿ ದೊಡ್ಡದೊಂದು ಪಾಲು ಆ ತಿಂಗಳು ಈ ನಗರದಲ್ಲೇ ಇರುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬರುವ ಕುಟುಂಬಗಳು ಮಿರಗದ ಮಳೆಗೆ ಮುಂಚೆ ಬಿತ್ತನೆಗೆಂದು ಊರು ಸೇರಿರುತ್ತವೆ. ಅವರು ಮತ್ತೆ ಬೆಂಗಳೂರಿನ ಬಸ್ಸು ಹತ್ತುವುದು ದೀಪಾವಳಿ ಕಳೆದ ಮೇಲೆ. ನಡುವೆ ಎಳ್ಳಮಾವಾಸ್ಯೆಗೆ ಒಮ್ಮೆ ಹೋಗಿ ಬರುತ್ತಾರೆ, ಯುಗಾದಿಯವರೆಗೆ ಇಲ್ಲಿರುತ್ತಾರೆ. ಶಾಲೆಯ ಕ್ಯಾಲೆಂಡರೂ ಈ ಕುಟುಂಬಗಳ ಕ್ಯಾಲೆಂಡರೂ ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ಆದ್ದರಿಂದ ನಮ್ಮ ಮೊದಲ ಒತ್ತಾಯ ಇದು: ಬೆಂಗಳೂರಿನಲ್ಲಿ ಎರಡನೆಯ ದಾಖಲಾತಿ ಆಂದೋಲನ ಕಾರ್ತಿಕ ಮಾಸದಲ್ಲಿ ನಡೆಯಬೇಕು. ಮನೆಬಾಗಿಲಿಗಲ್ಲ, ಬಿಡಾರದ ಬಾಗಿಲಿಗೆ ಹೋಗಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವರ್ಷದ ಯಾವ ದಿನ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು 9ನೇ ಸೆಕ್ಷನ್ ಹೆಸರಿಟ್ಟೇ ಹೇಳುತ್ತದೆ. ಬೆಂಗಳೂರಿನಲ್ಲಿ ಈಗ ಒಂದರ ಬದಲು ಐದು ಪಾಲಿಕೆಗಳಿವೆ. ಈ ಕರ್ತವ್ಯ ಯಾವ ಪಾಲಿಕೆಯ ಯಾವ ಅಧಿಕಾರಿಯದು ಎಂಬುದನ್ನು ಐದೂ ಪಾಲಿಕೆಗಳು ಹುದ್ದೆಯ ಹೆಸರು, ಫೋನ್ ನಂಬರ್ ಸಮೇತ ಪ್ರಕಟಿಸಲಿ. ಒಂದೇ ಪಾಲಿಕೆ ಇದ್ದಾಗಲೂ ಈ ಪ್ರಶ್ನೆಗೆ ಉತ್ತರ ಸುಲಭಕ್ಕೆ ಸಿಗುತ್ತಿರಲಿಲ್ಲ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಸ್ಪಷ್ಟವಿರಲಿ. ಸಿಟಿ ಮಾರ್ಕೆಟ್ ಮೇಲ್ಸೇತುವೆಯ ಕೆಳಗೆ, ಕಲಾಸಿಪಾಳ್ಯದ ಅಂಗಡಿಗಳ ಜಗಲಿಯ ಮೇಲೆ ಮಲಗುವ ಕುಟುಂಬಗಳ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ತೂಬರಹಳ್ಳಿ, ಮಾರತ್ತಹಳ್ಳಿ, ಬೆಳ್ಳಂದೂರು, ಥಣಿಸಂದ್ರದ ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡವರ ಮಕ್ಕಳು ಅಷ್ಟಾಗಿ ಕಾಣುವುದಿಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡಿನಲ್ಲಿರುವವರು ಗೇಟಿನಾಚೆಗೆ ಕಾಣುವುದೇ ಇಲ್ಲ. ಸಮೀಕ್ಷೆಯವರು ಡೋರ್ ನಂಬರ್ ಹಿಡಿದು ಹೋಗುತ್ತಾರೆ. ಟಾರ್ಪಾಲಿಗೆ ಡೋರ್ ನಂಬರ್ ಇರುವುದಿಲ್ಲ. ಬಿಡಾರಕ್ಕೆ ಹೋದರೂ ಬೆಳಿಗ್ಗೆ 11 ಗಂಟೆಗೆ ಹೋದರೆ ಒಬ್ಬ ಅಜ್ಜಿ, ನಾಲ್ಕು ಕೂಸು ಬಿಟ್ಟು ಯಾರೂ ಸಿಗರು. ಗಾರೆ ಕೆಲಸದವರನ್ನು ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಏಳರ ಮೇಲೆ ಹುಡುಕಬೇಕು. ಇಲ್ಲದಿದ್ದರೆ ಭಾನುವಾರದ ಬಟವಾಡೆಯ ಹೊತ್ತು. ಮೇಸ್ತ್ರಿಯನ್ನು ಮೊದಲು ಮಾತಾಡಿಸಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಕುಟುಂಬ ಇನ್ನೆಷ್ಟು ತಿಂಗಳು ಅಲ್ಲಿರುತ್ತದೆ, ಮುಂದಿನ ಸೈಟ್ ಯಾವ ಕಡೆ ಎಂಬುದು ಅವನಿಗೆ ಮಾತ್ರ ಗೊತ್ತಿರುತ್ತದೆ.

ಇನ್ನು ಶಾಲೆಯ ಮೆಟ್ಟಿಲ ಬಳಿ ಎದುರಾಗುವ ಅಡ್ಡಿಗಳು. ಮೊದಲನೆಯದು ವಯಸ್ಸಿನ ದಾಖಲೆ. ಜನನ ಪ್ರಮಾಣ ಪತ್ರವಿಲ್ಲ ಎಂಬ ಕಾರಣಕ್ಕೆ ಪ್ರವೇಶ ನಿಲ್ಲಿಸುವಂತಿಲ್ಲ ಎನ್ನುತ್ತದೆ 14ನೇ ಸೆಕ್ಷನ್. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಆಸ್ಪತ್ರೆ ಅಥವಾ ದಾದಿಯ ರಿಜಿಸ್ಟರಿನ ನಮೂದು ಸಾಕು, ಅಂಗನವಾಡಿಯ ದಾಖಲೆ ಸಾಕು, ಅವೆರಡೂ ಇಲ್ಲದಿದ್ದರೆ ತಂದೆ-ತಾಯಿಯ ಘೋಷಣೆ ಸಾಕು. ತಾಯಿ ಕಾರ್ಡ್, ಅಂದರೆ ಬಸುರಿ-ಬಾಣಂತಿಯ ತಪಾಸಣೆ, ಕೂಸಿನ ಲಸಿಕೆ ಬರೆದಿಡುವ ಕಾರ್ಡ್, ಇದೆಯೇ ಎಂದು ತಪ್ಪದೆ ಕೇಳಬೇಕು. ಅಮ್ಮಂದಿರು ಅದನ್ನು ರೇಷನ್ ಕಾರ್ಡಿನ ಜೊತೆ ಸೀರೆಯ ಮಡಿಕೆಯಲ್ಲಿ ಜೋಪಾನ ಮಾಡಿರುತ್ತಾರೆ, ಆದರೆ ಅದೂ ಒಂದು ದಾಖಲೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಏನೂ ಇಲ್ಲದಿದ್ದರೆ ಹಬ್ಬ, ಮಳೆ, ಸುಗ್ಗಿಯ ಲೆಕ್ಕದಲ್ಲಿ ಕೇಳಿದರೆ ಹುಟ್ಟಿದ ತಿಂಗಳು ಸಿಗುತ್ತದೆ: ಯುಗಾದಿಗೆ ಮುಂಚೆಯೋ ಆಮೇಲೋ, ತೊಗರಿ ಕೊಯ್ಯುವಾಗ ಕೂಸು ಬೆನ್ನ ಮೇಲಿತ್ತೋ ತೊಟ್ಟಿಲಲ್ಲಿತ್ತೋ, ಊರ ಜಾತ್ರೆಗೆ ಎಷ್ಟು ತಿಂಗಳಾಗಿತ್ತು. ಇಷ್ಟು ಕೇಳುವ ತಾಳ್ಮೆ ಇಲ್ಲದೆ ಎಲ್ಲ ಮಕ್ಕಳಿಗೂ ಜೂನ್ 1 ಎಂದು ಬರೆದುಬಿಡುವುದು ಹಳೆಯ ಚಾಳಿ. ಪ್ರವೇಶ ರಿಜಿಸ್ಟರಿನಲ್ಲಿ ಒಮ್ಮೆ ಬಿದ್ದ ದಿನಾಂಕ ಎಸ್ಎಸ್ಎಲ್‌ಸಿ ಅಂಕಪಟ್ಟಿಯವರೆಗೂ ಹೋಗುತ್ತದೆ, ತಿದ್ದಿಸುವುದು ಕೋರ್ಟಿನ ದಾರಿ. ಹೆಸರಿನ ವಿಷಯವೂ ಹೀಗೆಯೇ. ಊರಲ್ಲಿ ಮಲ್ಲಮ್ಮ, ಇಲ್ಲಿ ಮಲ್ಲಿಕಾ, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಎಂದಾದರೆ ಮುಂದೆ ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಧಾರ್ ಇದ್ದರೆ ಅದರಲ್ಲಿರುವ ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ. ಇಲ್ಲದಿದ್ದರೆ ಪ್ರವೇಶ ಕೊಟ್ಟು, ಆಮೇಲೆ ಮಾಡಿಸಿ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿಯೇ ಹೇಳಿದೆ.

ಎರಡನೆಯ ಅಡ್ಡಿ ವರ್ಗಾವಣೆ ಪತ್ರ, ಅಂದರೆ ಟಿಸಿ. ನಮ್ಮ ಅನುಭವದಲ್ಲಿ ಅತಿ ಹೆಚ್ಚು ದಿನ ತಿನ್ನುವುದು ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಊರಿನ ಶಾಲೆಯಲ್ಲಿ ಮಗುವಿನ ಹೆಸರು ಇರುತ್ತದೆ, ಮಗು ಇಲ್ಲಿರುತ್ತದೆ. ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಯ ಲೆಕ್ಕ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಹಳೆಯ ಶಾಲೆ ಟಿಸಿ ನಮೂದಿಸದ ಹೊರತು ಹೊಸ ಶಾಲೆಗೆ ಆ ಮಗುವನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಕೇಂದ್ರದ ಅಂಥದೇ ತಂತ್ರಾಂಶವಾದ ಯುಡೈಸ್ ಪ್ಲಸ್‌ನಲ್ಲಿಯೂ ಹಳೆಯ ಶಾಲೆ ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿಗೆ) ಬಿಟ್ಟ ಮೇಲೆಯೇ ಪೆನ್ ಸಂಖ್ಯೆ (ವಿದ್ಯಾರ್ಥಿಯ ಶಾಶ್ವತ ಗುರುತು ಸಂಖ್ಯೆ) ಹಾಕಿ ಇಲ್ಲಿಗೆ ತರಬಹುದು. ಊರಿನ ಮುಖ್ಯ ಶಿಕ್ಷಕರು ಹೆಸರು ಬಿಡಲು ಹಿಂಜರಿಯುವುದಕ್ಕೆ ಕಾರಣವಿದೆ. ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಗುಳೆ ಹೋದ ಐದು ಮಕ್ಕಳ ಹೆಸರು ಹೊಡೆದರೆ ಒಬ್ಬ ಶಿಕ್ಷಕರ ಹುದ್ದೆಯೇ ಹೋದೀತು ಎಂಬುದು ಅವರ ಭಯ, ಅದು ಸುಳ್ಳು ಭಯವಲ್ಲ. ಪರಿಣಾಮವಾಗಿ ಮಗು ಊರಿನ ಲೆಕ್ಕದಲ್ಲಿ ದಾಖಲಾದ ವಿದ್ಯಾರ್ಥಿ, ಬೆಂಗಳೂರಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಶಾಲೆಯಿಂದ ಹೊರಗುಳಿದವರ ಪಟ್ಟಿಗೂ ಅದು ಸೇರುವುದಿಲ್ಲ.

ಇಲ್ಲಿಯ ಶಾಲೆ ಮಾಡಬೇಕಾದದ್ದು ಇಷ್ಟು. ಮಗು ಬಂದ ದಿನವೇ ಪ್ರವೇಶ ರಿಜಿಸ್ಟರಿನಲ್ಲಿ ಹೆಸರು ಬರೆದು ತರಗತಿಯಲ್ಲಿ ಕೂರಿಸಬೇಕು. ಟಿಸಿ ತಡವಾಯಿತೆಂದು ಪ್ರವೇಶ ತಡಮಾಡುವಂತಿಲ್ಲ ಎಂಬುದು 5ನೇ ಸೆಕ್ಷನ್. ಟಿಸಿಯನ್ನು ಕೂಡಲೇ ಕೊಡದ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೂ ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಟಿಸಿ ತರಲು ತಂದೆಯನ್ನು ಯಾದಗಿರಿಗೆ ಕಳಿಸಬೇಡಿ. ಹೋಗಿ ಬರಲು ಎರಡು ದಿನದ ಕೂಲಿ, ಬಸ್ ಚಾರ್ಜು. ಅವನು ಹೋಗುವುದಿಲ್ಲ, ಮಗು ಬರುವುದು ನಿಲ್ಲುತ್ತದೆ. ಶಾಲೆಯಿಂದ ಶಾಲೆಗೆ ಫೋನ್ ಮಾಡಿ, ಪತ್ರದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ವಾರದೊಳಗೆ ಬಿಡುಗಡೆ ಆಗದಿದ್ದರೆ ಇಲ್ಲಿಯ ಕ್ಷೇತ್ರ ಶಿಕ್ಷಣಾಧಿಕಾರಿಯಿಂದ ಅಲ್ಲಿಯ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಹೋಗಲಿ. ಮಧ್ಯಾಹ್ನದ ಊಟ, ಹಾಲು, ಮೊಟ್ಟೆಗೆ ಸ್ಯಾಟ್ಸ್ ಹೊಂದಾಣಿಕೆಯಾಗುವವರೆಗೆ ಕಾಯಿಸುವುದಂತೂ ಸರ್ವಥಾ ಕೂಡದು. ಮೊದಲ ದಿನ ತಟ್ಟೆ ಸಿಗದ ಮಗು ಎರಡನೆಯ ದಿನ ಯಾಕೆ ಬರಬೇಕು?

ಇಲಾಖೆ ಮಾಡಬೇಕಾದ ಒಂದು ಕೆಲಸವಿದೆ. ಗುಳೆ ಹೋದ ಮಗುವಿಗಾಗಿ ಊರಿನ ಶಾಲೆ ಹುದ್ದೆ ಕಳೆದುಕೊಳ್ಳುವುದಿಲ್ಲ ಎಂಬ ಭರವಸೆಯ ಸುತ್ತೋಲೆ ಹೊರಡಿಸಬೇಕು. ಋತುಮಾನದ ವಲಸೆ ಎಂಬ ಪ್ರತ್ಯೇಕ ನಮೂದು ಸ್ಯಾಟ್ಸ್‌ನಲ್ಲಿ ಇದ್ದರೆ, ಮಗು ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ, ಜೂನ್‌ನಿಂದ ಅಲ್ಲಿ ಎಂದು ಎರಡೂ ಶಾಲೆಗಳಿಗೆ ನಿಜ ಹೇಳಲು ಸಾಧ್ಯವಾಗುತ್ತದೆ.

ತರಗತಿಯ ಆಯ್ಕೆಯಲ್ಲಿ ಆಗುವ ತಪ್ಪೂ ದೊಡ್ಡದು. ಶಾಲೆಯ ಮುಖ ನೋಡದ 11 ವರ್ಷದ ಹುಡುಗಿಯನ್ನು ಅಕ್ಷರ ಬಾರದೆಂದು ಒಂದನೇ ತರಗತಿಯಲ್ಲಿ ಕೂರಿಸುತ್ತಾರೆ. ಆರು ವರ್ಷದವರ ನಡುವೆ ಮೊಣಕಾಲು ಮಡಚಿ ಕೂತ ಆ ಹುಡುಗಿ ಎರಡು ವಾರ ಇರುವುದೂ ಕಷ್ಟ. ಕಾನೂನಿನಂತೆ ಅವಳ ಜಾಗ ಆರನೇ ತರಗತಿ. ಜೊತೆಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ ವಿಶೇಷ ತರಬೇತಿ. 14 ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಅವಳ ಹಕ್ಕು. ವಿಶೇಷ ತರಬೇತಿಯ ಹಣ, ಶಿಕ್ಷಕರ ನೇಮಕ ಎಲ್ಲವೂ ಜೂನ್‌ನ ಸಂಖ್ಯೆ ನೋಡಿ ನಿಗದಿಯಾದರೆ ನವೆಂಬರ್‌ನಲ್ಲಿ ಬಂದವಳಿಗೆ ಏನೂ ಉಳಿದಿರುವುದಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂಗಳ ಕಥೆಯೂ ಅದೇ. ಹಿಂದಿನ ದಾಖಲಾತಿ ಲೆಕ್ಕದ ಮೇಲೆ ಬೇಡಿಕೆ ಪಟ್ಟಿ ಹೋಗಿರುತ್ತದೆ. ಹಾಗಾಗಿ ವಲಸೆ ಬಿಡಾರಗಳಿರುವ ಕ್ಲಸ್ಟರುಗಳ ಶಾಲೆಗಳು ಮಾರ್ಚ್‌ನಲ್ಲೇ ಹಳೆಯ ಪುಸ್ತಕಗಳನ್ನು ವಾಪಸು ಪಡೆದು ತರಗತಿಗೆ ಹತ್ತು ಸೆಟ್‌ನಂತೆ ಪುಸ್ತಕ ಬ್ಯಾಂಕಿನಲ್ಲಿ ಇಟ್ಟುಕೊಳ್ಳಲಿ. ಸಮವಸ್ತ್ರ ಬರುವವರೆಗೆ ಬಣ್ಣದ ಬಟ್ಟೆಯಲ್ಲಿ ಬಂದ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸದಿರಲಿ.

ಭಾಷೆಯ ತೊಡಕು ಬೇರೆ. ಕಲಬುರಗಿಯ ಮಗುವಿನ ಕನ್ನಡ ಕೇಳಿ ಬೆಂಗಳೂರಿನ ತರಗತಿ ನಕ್ಕರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಲಂಬಾಣಿ, ತೆಲುಗು, ಬಂಗಾಳಿ ಮನೆಮಾತಿನ ಮಕ್ಕಳಿಗೆ ಮೊದಲ ಎರಡು ತಿಂಗಳು ಬರವಣಿಗೆಗಿಂತ ಮಾತು ಮುಖ್ಯ. ಅದೇ ಬಿಡಾರದಿಂದ ಒಂದು ವರ್ಷ ಮೊದಲು ಬಂದ ಮಗುವನ್ನು ಪಕ್ಕದಲ್ಲಿ ಕೂರಿಸಿದರೆ ಅರ್ಧ ಕಲಿಕೆ ಅಲ್ಲೇ ನಡೆಯುತ್ತದೆ.

ಸೇರಿಸುವುದಕ್ಕಿಂತ ಉಳಿಸುವುದು ಕಷ್ಟ. ಮೊದಲ ವಾರ ಉತ್ಸಾಹ ಇರುತ್ತದೆ, ಮೂರನೇ ವಾರಕ್ಕೆ ಸಾಲು ತೆಳುವಾಗುತ್ತದೆ. ಆಗ ಅಪ್ಪ-ಅಮ್ಮನಿಗೆ ಓದಿನ ಬೆಲೆ ಗೊತ್ತಿಲ್ಲ ಎಂದು ಬೈಯುವ ಮೊದಲು ಮೂರು ಸಂಗತಿ ನೋಡಿ.

ಒಂದು, ಮನೆಯ ಕೂಸು. ಅಮ್ಮ ಇಟ್ಟಿಗೆ ಹೊರಲು ಹೋದರೆ ಒಂದೂವರೆ ವರ್ಷದ ತಮ್ಮನನ್ನು ನೋಡಿಕೊಳ್ಳುವವರು ಯಾರು? ಒಂಬತ್ತು ವರ್ಷದ ಅಕ್ಕ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕವರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದಾರೆ, ಒಳ್ಳೆಯ ಕೆಲಸ. ನಗರದ ಬಿಡಾರಗಳಿಗೂ ಅಂಥದೇ ಬೇಕು. ಕಟ್ಟಡ ನಿರ್ಮಾಣ ವೆಚ್ಚದ ಮೇಲೆ ಶೇ 1ರಂತೆ ಸೆಸ್ ಸಂಗ್ರಹವಾಗುವುದು ಈ ಕಾರ್ಮಿಕರ ಕಲ್ಯಾಣಕ್ಕೇ ಅಲ್ಲವೇ? ಆ ಹಣದಿಂದ ಸೈಟಿನಲ್ಲೊಂದು ಶಿಶುಪಾಲನಾ ಕೇಂದ್ರ ತೆರೆದರೆ ಕೂಸಿನ ಜೊತೆ ಅದರ ಅಕ್ಕನ ಓದೂ ಉಳಿಯುತ್ತದೆ. ನಾವು ಕಂಡಂತೆ ಹೆಣ್ಣುಮಕ್ಕಳ ಹಾಜರಾತಿಯನ್ನು ಇಷ್ಟು ಬೇಗ ಏರಿಸುವ ಇನ್ನೊಂದು ಉಪಾಯ ಇಲ್ಲ.

ಎರಡು, ರಸ್ತೆ. ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತದೆ ನಿಯಮ. ನಕ್ಷೆಯಲ್ಲಿ ಇರುತ್ತದೆ ಕೂಡ. ಆದರೆ ನಡುವೆ ಹೊರವರ್ತುಲ ರಸ್ತೆಯೋ ಬಳ್ಳಾರಿ ರಸ್ತೆಯೋ ಹರಿಯುತ್ತಿರುತ್ತದೆ. ಏಳು ವರ್ಷದ ಮಗು ಅದನ್ನು ಒಂಟಿಯಾಗಿ ದಾಟಲಾರದು, ದಾಟಬಾರದು. 12ರಿಂದ 15 ಮಕ್ಕಳಿಗೆ ಬಿಡಾರದ ಒಬ್ಬ ತಾಯಿಯನ್ನು ಗೌರವಧನ ಕೊಟ್ಟು ನೇಮಿಸಿದರೆ ಅವಳು ಬೆಳಿಗ್ಗೆ ಕರೆದೊಯ್ದು ಸಂಜೆ ಕರೆತರುತ್ತಾಳೆ. ಒಂದು ಸೀಟಿ, ಮಕ್ಕಳು ಹಿಡಿದು ನಡೆಯಲು ಒಂದು ಹಗ್ಗ, ಹಾಜರಿ ಪುಸ್ತಕ ಸಾಕು. ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದು ಅಂದೇ ಶಾಲೆಗೆ ತಿಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅದಿಲ್ಲದ ಮಗುವಿಗೆ ಮುಖ್ಯ ಶಿಕ್ಷಕರ ಸಹಿಯ ಶಾಲಾ ಗುರುತಿನ ಚೀಟಿಯನ್ನೇ ಒಪ್ಪಿಕೊಳ್ಳುವಂತಾಗಲಿ.

ಮೂರು, ನೀರು. ಹೇಳಿಕೊಳ್ಳಲು ನಾಚಿಕೆಪಡುವ ಕಾರಣವಾದ್ದರಿಂದ ಇದು ಯಾವ ವರದಿಯಲ್ಲೂ ಬರುವುದಿಲ್ಲ. ಟ್ಯಾಂಕರ್ ಬಾರದ ದಿನ ಸ್ನಾನವಿಲ್ಲ, ಸ್ನಾನವಿಲ್ಲದೆ ಹೋದರೆ ಪಕ್ಕದವರು ಮೂಗು ಮುಚ್ಚುತ್ತಾರೆ, ಮಗು ಅರ್ಧ ದಾರಿಯಿಂದ ವಾಪಸು ಬರುತ್ತದೆ. ಶಾಲೆ ಅರ್ಧ ಗಂಟೆ ಮುಂಚೆ ಗೇಟು ತೆರೆದು, ನಲ್ಲಿಯ ಬಳಿ ಸೋಪು, ಬಾಚಣಿಗೆ, ಎಣ್ಣೆ, ಎರಡು ಟವೆಲ್ ಇಟ್ಟರೆ ಸಾಕು. ಎಲ್ಲ ಮಕ್ಕಳಿಗೂ ಅದು ಮುಕ್ತವಾಗಿರಲಿ, ಬಿಡಾರದವರನ್ನೇ ಬೇರೆ ಕರೆದು ತೊಳೆಸಬೇಡಿ. ದೊಡ್ಡ ಹುಡುಗಿಯರಿಗೆ ಬೀಗವಿರುವ ಶೌಚಾಲಯ, ಪ್ಯಾಡು. ಪುಸ್ತಕದ ಚೀಲ ಶಾಲೆಯ ಕಪಾಟಿನಲ್ಲೇ ಇರಲಿ, ಮಗು ಮನೆಗೆ ಒಯ್ಯುವುದು ಪ್ಲಾಸ್ಟಿಕ್ ಕವರಿನಲ್ಲಿ ಒಂದು ನೋಟ್‌ಬುಕ್ ಮಾತ್ರ. ಒಂದು ರಾತ್ರಿಯ ಮಳೆಗೆ ಟಾರ್ಪಾಲಿನೊಳಗೆ ನುಗ್ಗಿದ ನೀರು ಇಡೀ ವರ್ಷದ ಪುಸ್ತಕ ಕೊಚ್ಚಿಕೊಂಡು ಹೋಗುತ್ತದೆ. ದೀಪವಿಲ್ಲದ ಕಡೆ ಮನೆಗೆಲಸ ಕೊಟ್ಟು ಮರುದಿನ ಶಿಕ್ಷಿಸುವುದು ಬೇಡ. ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಒಂದು ಕೊಠಡಿ ತೆರೆದಿಟ್ಟರೆ ಓದೂ ಆಗುತ್ತದೆ, ಅಮ್ಮ ಬರುವವರೆಗೆ ಸುರಕ್ಷಿತ ಜಾಗವೂ ಆಗುತ್ತದೆ.

ರಾತ್ರಿ ತಂಗುದಾಣಗಳ ಬಗ್ಗೆ ಒಂದೇ ಮಾತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗಲು ವ್ಯವಸ್ಥೆ ಇರಬೇಕೆಂದು ನಗರದ ವಸತಿರಹಿತರ ಯೋಜನೆಯ ಮಾರ್ಗಸೂಚಿಯಲ್ಲಿದೆ. 2011ರ ಗಣತಿಯ 84 ಲಕ್ಷಕ್ಕೇ ಲೆಕ್ಕ ಹಾಕಿದರೂ 8,400 ಹಾಸಿಗೆ. ಸಂಖ್ಯೆಯಷ್ಟೇ ಅಲ್ಲ, ಬಗೆಯೂ ಮುಖ್ಯ. ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಮಾತ್ರ ಕಟ್ಟಿದರೆ 13 ವರ್ಷದ ಮಗನಿರುವ ತಾಯಿ ಎರಡಕ್ಕೂ ಹೋಗದೆ ಪಾದಚಾರಿ ಮಾರ್ಗದಲ್ಲೇ ಮಲಗುತ್ತಾಳೆ. ಕುಟುಂಬ ಒಟ್ಟಿಗಿರುವ ತಂಗುದಾಣ ಬೇಕು, ಅದು ಸರ್ಕಾರಿ ಶಾಲೆಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು.

ಗುಡಿಸಲು ತೆರವು ಮಾಡುವವರಿಗೂ ಒಂದು ಮನವಿ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ಕೆಡವಿದಾಗ ಶಾಲಾ ವರ್ಷ ಮುಗಿಯಲು ಮೂರು ತಿಂಗಳೂ ಇರಲಿಲ್ಲ. ನೋಟಿಸ್ ಹಚ್ಚುವ ಮೊದಲು ಅಲ್ಲಿಯ ಶಾಲಾ ಮಕ್ಕಳ ಪಟ್ಟಿ ಕ್ಷೇತ್ರ ಶಿಕ್ಷಣಾಧಿಕಾರಿಯ ಕೈ ಸೇರಬೇಕು, ಪರೀಕ್ಷೆ ಮುಗಿಯುವವರೆಗಾದರೂ ಯಂತ್ರಗಳು ನಿಲ್ಲಬೇಕು.

ಭಾನುವಾರ ಬಂದು ಪಾದಚಾರಿ ಮಾರ್ಗದಲ್ಲಿ ಪಾಠ ಹೇಳುವ ಯುವಕ ಯುವತಿಯರ ಮನಸ್ಸು ದೊಡ್ಡದು. ಅವರಲ್ಲಿ ನಮ್ಮ ವಿನಂತಿ: ಆ ಎರಡು ಗಂಟೆಯ ಪಾಠಕ್ಕೆ ಹಾಜರಾತಿ ಇಲ್ಲ, ಊಟವಿಲ್ಲ, ಟಿಸಿ ಇಲ್ಲ. ನಿಮ್ಮ ವಾರದ ಒಂದು ಬೆಳಗನ್ನು ಮಗುವನ್ನು ಶಾಲೆಗೆ ಕರೆದೊಯ್ದು ಮುಖ್ಯ ಶಿಕ್ಷಕರ ಎದುರು ಕೂರಲು ಕೊಡಿ, ಮೂರನೇ ವಾರ ಮತ್ತೆ ಹೋಗಿ ಹಾಜರಿ ಕೇಳಿ. ಮಕ್ಕಳ ಮುಖದ ಫೋಟೊ ಜಾಲತಾಣಕ್ಕೆ ಹಾಕಬೇಡಿ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಒಂಟಿಯಾಗಿರುವ, ಗಾಯಗೊಂಡ, ಯಾರೋ ಬಲವಂತದಿಂದ ಭಿಕ್ಷೆಗೆ ಕೂರಿಸಿದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಪ್ಪ-ಅಮ್ಮನ ಜೊತೆ ಬಿಡಾರದಲ್ಲಿರುವ ಮಗುವನ್ನು ಬಡತನವೊಂದೇ ಕಾರಣಕ್ಕೆ ಬಾಲಮಂದಿರಕ್ಕೆ ಕಳಿಸಲು ಮುಂದಾಗಬೇಡಿ. ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಎನ್ನುವುದು ಅದೇ ಕಾಯ್ದೆ.

ಕೊನೆಯದಾಗಿ, ಮಗು ಹೊರಡುವ ದಿನದ ಬಗ್ಗೆ. ಬಂದಾಗ ಗಮನಿಸುವವರು ಸಿಕ್ಕಾರು, ಹೊರಟಾಗ ಯಾರೂ ಇರುವುದಿಲ್ಲ. ಮಾರ್ಚ್ ಮೊದಲ ವಾರದಲ್ಲೇ ಪ್ರತಿ ಕುಟುಂಬವನ್ನು ಯಾವಾಗ ಹೊರಡುತ್ತೀರಿ, ಎಲ್ಲಿಗೆ ಎಂದು ಕೇಳಬೇಕು. ಟಿಸಿಯ ಜೊತೆ ಒಂದು ಹಾಳೆಯ ಕಲಿಕಾ ಚೀಟಿ ಕೊಡಬೇಕು: ಸ್ಯಾಟ್ಸ್ ಸಂಖ್ಯೆ, ಪೆನ್ ಸಂಖ್ಯೆ, ತರಗತಿ, ಎರಡೂ ಶಾಲೆಗಳ ಫೋನ್, ಮತ್ತು ಮಗು ಈಗ ನಿಂತಿರುವ ಜಾಗ. ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಇದು ಸುಲಭ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಯಾವ ಮೆಟ್ಟಿಲು ಎಂದು ಬರೆದರೆ ಸಾಕು. ದೊಡ್ಡವರಿಗೆ ಪದ ಓದುತ್ತದೆಯೋ, ವಾಕ್ಯ ಓದುತ್ತದೆಯೋ, ದಶಕ ತೆಗೆದುಕೊಂಡು ಕಳೆಯುತ್ತದೆಯೋ, ಭಾಗಾಕಾರ ಬಂತೋ ಎಂದು ನಾಲ್ಕು ಸಾಲು. ಎರಡು ಪ್ರತಿ ಮಾಡಿ, ಒಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೆ ಕೊಡಿ, ಅವಳು ಅದನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳುತ್ತಾಳೆ. ಅದರ ಫೋಟೊ ತಂದೆಯ ಫೋನಿನಲ್ಲೂ ಇರಲಿ.

ಇಂತಿ,
ಬೀದಿಬದಿ ಮತ್ತು ಬಿಡಾರದ ಮಕ್ಕಳ ಶಾಲಾ ದಾಖಲಾತಿಗೆ ದುಡಿಯುವ ಸ್ವಯಂಸೇವಕರು,
ಬೆಂಗಳೂರು